ದೋಣಿಯಲ್ಲಿ ಎದ್ದು ನಿಲ್ಲಬಾರದು

ನಮ್ಮ ಜಲಾಶಯದ ದೋಣಿಮನೆಗೆ ಈ ವರ್ಷ ಹೊಸದಾಗಿ ನಾಲ್ವರು ಸೇರಿದ್ದಾರೆ. ಅವರಲ್ಲಿ ಒಬ್ಬ ಮೊನ್ನೆ ನನ್ನನ್ನು ಹುಡುಕಿಕೊಂಡು ಮನೆಗೇ ಬಂದಿದ್ದ. ಕಾಫಿ ಕುಡಿದು ಲೋಟ ಕೆಳಗಿಟ್ಟು, "ಬೋರಣ್ಣ, ಈ ಕೆಲ್ಸದಲ್ಲಿ ಕಷ್ಟ ಅಂದ್ರೆ ಯಾವ್ದು? ನೀರಾ, ಗಾಳಿಯಾ?" ಎಂದು ಕೇಳಿದ. "ಎರಡೂ ಅಲ್ಲ ಕಣಪ್ಪ, ದೋಣಿ ಒಳಗೆ ಕುಂತಿರೋ ಜನ" ಎಂದೆ. ಅವನು ನಕ್ಕ. ನಾನು ತಮಾಷೆಗೆ ಹೇಳಿರಲಿಲ್ಲ. ಅವನು ಹೋದ ಮೇಲೆ ಮೊಮ್ಮಗಳ ಹಳೆಯ ನೋಟ್ ಪುಸ್ತಕ ತೆಗೆದುಕೊಂಡು ಇದನ್ನು ಬರೆಯಲು ಕೂತೆ.

ಜಲಾಶಯದ ಹೆಸರು ಬರೆಯುವುದಿಲ್ಲ. ರಾಮನಗರ, ಚನ್ನಪಟ್ಟಣದ ಕಡೆಯವರಿಗೆ ತಾನಾಗಿಯೇ ಗೊತ್ತಾಗುತ್ತದೆ, ಉಳಿದವರಿಗೆ ಬೇಕಾಗಿಲ್ಲ. ಅಲ್ಲಿ ನಾನು ಮೂವತ್ತು ವರ್ಷ ದೋಣಿ ನಡೆಸಿದೆ. ಯಾವಾಗ ಖಾಯಂ ಆದೆ, ಯಾವಾಗ ಹಿರಿಯ ಚಾಲಕನಾದೆ ಎಂಬುದನ್ನೆಲ್ಲ ಓದಿ ಯಾರಿಗೂ ಏನೂ ಆಗಬೇಕಾಗಿಲ್ಲ. ನಾನು ಹೇಳಹೊರಟಿರುವುದು ಮರ್ಯಾದೆಯ ವಿಷಯ. ನೆಲದ ಮೇಲಿನ ಮರ್ಯಾದೆ ಬೇರೆ, ನೀರಿನ ಮೇಲಿನ ಮರ್ಯಾದೆ ಬೇರೆ. ಇಷ್ಟು ಸಣ್ಣ ಮಾತು ನನ್ನ ತಲೆಗೆ ಸರಿಯಾಗಿ ಇಳಿಯಲು ಇಪ್ಪತ್ತು ವರ್ಷ ಬೇಕಾಯಿತು. ಅದು ಇಳಿಯುವ ಹೊತ್ತಿಗೆ ಶಿವರಾಜು ಎಂಬ ಹುಡುಗನ ಕೆಲಸ ನನ್ನಿಂದ ಹೋಗುವುದರಲ್ಲಿತ್ತು. 

ನನಗೆ ಕೆಲಸ ಕಲಿಸಿದವರು ಮುದ್ದಯ್ಯ. ಅಣೆಕಟ್ಟು ಕಟ್ಟಿದಾಗಿನಿಂದ ಅಲ್ಲಿ ಮೀನು ಹಿಡಿಯುತ್ತಿದ್ದ ಮನೆಯವರು. ಬೆಳಗ್ಗೆ ತಮ್ಮ ತೆಪ್ಪದಲ್ಲಿ ಹೋಗಿ ಬಲೆ ಎತ್ತಿ, ಹತ್ತು ಗಂಟೆಗೆ ದೋಣಿಮನೆಗೆ ಬಂದು ಹುಟ್ಟು ಹಿಡಿಯುತ್ತಿದ್ದರು. ನಾನು ಬೇಸಾಯದ ಮನೆಯವನು. ನೇಗಿಲು ಹಿಡಿದ ಕೈಗೆ ಹುಟ್ಟು ಕೊಟ್ಟರೆ ಏನಾಗುತ್ತದೆ? ಮೊದಲ ದಿನ ಇದ್ದ ಬಲವನ್ನೆಲ್ಲ ಹಾಕಿ ನೀರಿಗೆ ಹೊಡೆದೆ. ದೋಣಿ ಇದ್ದಲ್ಲೇ ಗಿರಗಿರನೆ ತಿರುಗಿತು.

"ಹಿಂಗ್ ಹೊಡೆದ್ರೆ ಎತ್ತು ಓಡ್ತದೆ ಕಣ್ಲಾ, ದೋಣಿ ಓಡಕ್ಕಿಲ್ಲ" ಎಂದರು ಮುದ್ದಯ್ಯ. ದಡದಲ್ಲಿದ್ದವರೆಲ್ಲ ಗೊಳ್ಳೆಂದು ನಕ್ಕರು.

ಹುಟ್ಟು ಹಾಕುವುದಕ್ಕಿಂತ ಹೆಚ್ಚಾಗಿ ಅವರು ಕಲಿಸಿದ್ದು ನಡತೆ. ಬಲೆ ಹಾಕಿದ ಕಡೆ ದೋಣಿ ನುಗ್ಗಿಸಬಾರದು. ತೆಪ್ಪ ಎದುರಾದರೆ ದಾರಿ ಬಿಡಬೇಕಾದದ್ದು ದೊಡ್ಡ ದೋಣಿ. ಮೆಟ್ಟಿಲ ಮೇಲೆ ಹೆಂಗಸರು ಬಟ್ಟೆ ಒಗೆಯುತ್ತಿದ್ದರೆ ನಿಧಾನ ಹೋಗಬೇಕು, ಮುಖ ಆಚೆ ತಿರುಗಿಸಬೇಕು. ಇನ್ನೊಂದು ದೋಣಿಯ ಪಕ್ಕ ಹೋಗುವಾಗ ಹುಟ್ಟು ಒಳಗೆ ಎಳೆದುಕೊಂಡು ಸುಮ್ಮನೆ ತೇಲಬೇಕು. ದೋಣಿ ಹತ್ತಿದ ಮೇಲೆ ಇಳಿಯುವ ತನಕ ಯಾರೂ ಏಳಬಾರದು. ಇದನ್ನೆಲ್ಲ ಅವರು ಯಾವ ಪುಸ್ತಕದಿಂದಲೂ ಓದಿರಲಿಲ್ಲ. ತಪ್ಪಿದಾಗ ಹುಟ್ಟಿನ ತುದಿಯಿಂದ ನನ್ನ ಮೊಣಕಾಲಿಗೆ ಒಂದು ಕುಟ್ಟುತ್ತಿದ್ದರು, ಅಷ್ಟೆ.

ಆಗ ಬರುತ್ತಿದ್ದವರು ಕಡಿಮೆ. ಭಾನುವಾರ ನಾಲ್ಕು ಕಾಲೇಜು ಹುಡುಗರು, ನೆಂಟರನ್ನು ಕರೆದುಕೊಂಡು ಬಂದ ಒಂದು ಸಂಸಾರ. ಎರಡು ಸಾವಿರದ ಇಸವಿ ದಾಟಿತು ನೋಡಿ, ಬಿಡದಿಯ ಕಡೆ ಫ್ಯಾಕ್ಟರಿಗಳು ಒಂದರ ಮೇಲೊಂದು ಎದ್ದವು. ರಾಗಿ ಹೊಲ ಇದ್ದ ಕಡೆ ಕಾಂಪೌಂಡು, ಕಾಂಪೌಂಡಿನ ಮುಂದೆ ಬಸ್ಸುಗಳ ಸಾಲು. ರಜೆ ಬಂದರೆ ಆ ಬಸ್ಸುಗಳು ನಮ್ಮ ದಡಕ್ಕೆ ಬಂದು ನಿಲ್ಲತೊಡಗಿದವು. ಎರಡು ಹುಟ್ಟಿನ ದೋಣಿ ಇದ್ದದ್ದು ಆರಾಯಿತು. ತುಳಿಯುವ ದೋಣಿಗಳು ಬಂದವು. ಒಂದು ಮೋಟಾರು ದೋಣಿ ಬಂತು. ಅದರ ಜೊತೆ ಬೆಂಗಳೂರಿನಿಂದ ಒಬ್ಬ ಮ್ಯಾನೇಜರೂ ಬಂದರು. ಕೆಟ್ಟ ಮನುಷ್ಯರಲ್ಲ. ಆದರೆ ದೊಡ್ಡವರು ಬಂದರೆ ಅವರ ಕುತ್ತಿಗೆ ತಾನೇ ಬಗ್ಗುತ್ತಿತ್ತು, ನಮ್ಮ ಕುತ್ತಿಗೆಯನ್ನೂ ಬಗ್ಗಿಸುತ್ತಿದ್ದರು.

ಆ ಕಾಲದಲ್ಲಿ ನಾನು ಕಂಡದ್ದು ಒಂದೆರಡಲ್ಲ. ಒಂದು ಬೆಳಗ್ಗೆ ಮದುವೆಯಾಗಿ ಮೂರು ದಿನವಾಗಿದ್ದ ಗಂಡ ಹೆಂಡತಿ, ಜೊತೆಗೆ ಎರಡೂ ಕಡೆಯ ಹಿರಿಯರು, ಕೆಂಗಲ್ ಆಂಜನೇಯನಿಗೆ ಪೂಜೆ ಮಾಡಿಸಿಕೊಂಡು ನೇರ ನಮ್ಮಲ್ಲಿಗೆ ಬಂದರು. ದೋಣಿ ಹೊಸದು, ಬಂದು ವಾರವಾಗಿರಲಿಲ್ಲ. ನಾನು ತೇಲುವ ಜಾಕೆಟ್ ತರಲು ಒಳಗೆ ಹೋಗಿದ್ದೆ. ಹೊರಗೆ ಬಂದು ನೋಡುತ್ತೇನೆ, ಹುಡುಗಿಯ ಸೋದರಮಾವ ದೋಣಿಯ ಮೂತಿಗೆ ಅರಿಶಿನ ಕುಂಕುಮ ಹಚ್ಚಿ, ಕರ್ಪೂರ ಬೆಳಗಿ, ತೆಂಗಿನಕಾಯಿ ಎತ್ತಿದ್ದಾರೆ. "ಅಯ್ಯೋ, ಬೇಡ ಬೇಡ" ಎಂದು ನಾನು ಕೂಗುವುದರೊಳಗೆ ಕಾಯಿ ಬಿತ್ತು. ಕಾಯಿ ಒಡೆಯಲಿಲ್ಲ. ದೋಣಿ ಒಡೆಯಿತು.

"ಕಬ್ಣ ಅಲ್ವೇನಪ್ಪ ಇದು?" ಎಂದು ಆ ಹಿರಿಯರು ಕಣ್ಣು ಕಣ್ಣು ಬಿಟ್ಟರು. ಫೈಬರ್ ದೋಣಿ ಎಂದು ಅವರಿಗೆ ಯಾರು ಹೇಳಿದ್ದರು? ಹೊಸ ಲಾರಿ, ಹೊಸ ಟ್ರ್ಯಾಕ್ಟರ್ ಎಲ್ಲವನ್ನೂ ಹಾಗೆಯೇ ಪೂಜೆ ಮಾಡಿ ನಡೆಸುವ ಜನ ನಾವು. ಪೂಜೆ ಇಲ್ಲದೆ ನೀರಿಗೆ ಇಳಿಸುವುದೇ ಅವರ ಲೆಕ್ಕದಲ್ಲಿ ಅಗೌರವ. 

ಅದಕ್ಕಿಂತ ದೊಡ್ಡ ಆಘಾತ ಇನ್ನೊಂದು ಭಾನುವಾರ ಆಯಿತು. ಒಂದು ಫ್ಯಾಕ್ಟರಿಯ ಮೂವತ್ತು ಜನ ಒಂದೇ ಬಣ್ಣದ ಟೋಪಿ ಹಾಕಿಕೊಂಡು ಬಂದರು. ಜಲಾಶಯ ಸ್ವಚ್ಛ ಮಾಡುತ್ತಾರಂತೆ. ಮ್ಯಾನೇಜರಿಗೆ ಖುಷಿಯೋ ಖುಷಿ. ತುಳಿಯುವ ದೋಣಿಗಳನ್ನೆಲ್ಲ ಬಿಟ್ಟುಕೊಟ್ಟರು. ಮಧ್ಯಾಹ್ನದ ಹೊತ್ತಿಗೆ ದಡದ ಮೇಲೆ ಪ್ಲಾಸ್ಟಿಕ್ ಬಾಟಲಿಗಳ ರಾಶಿ ಬಿತ್ತು. ಅದರ ಮುಂದೆ ನಿಂತು ಫೋಟೊ ತೆಗೆಸಿಕೊಂಡರು. ನಾನೂ ಪಕ್ಕದಲ್ಲಿ ನಿಂತು ಹಲ್ಲು ಬಿಟ್ಟಿದ್ದೇನೆ, ಆ ಫೋಟೊ ಈಗಲೂ ಇದೆ. ಆಮೇಲೆ ರಾಶಿಯ ಹತ್ತಿರ ಹೋಗಿ ನೋಡಿದರೆ ಎಲ್ಲ ಬಾಟಲಿಯ ಕತ್ತಿಗೂ ಕತ್ತರಿಸಿದ ನೈಲಾನ್ ದಾರ. ಅವು ಕಸವಲ್ಲ. ಮುದ್ದಯ್ಯನವರೂ ಅವರ ಅಣ್ಣತಮ್ಮಂದಿರೂ ಬಲೆ ಮುಳುಗದಿರಲೆಂದು ಕಟ್ಟಿದ್ದ ಬಾಟಲಿಗಳು. ಬಲೆಗಳೆಲ್ಲ ತಳ ಸೇರಿದ್ದವು.

ಮುದ್ದಯ್ಯ ಸಂಜೆ ಬಂದು ರಾಶಿ ನೋಡಿದರು. ಬೈಯುತ್ತಾರೆಂದು ಕಾದೆ. "ಒಂದ್ ಮಾತು ಕೇಳಿದ್ರೆ ಆಯ್ತಿರ್ನಿಲ್ವಾ ಬೋರ? ಒಳ್ಳೇದ್ ಮಾಡೋರು ಯಾಕ್ಲಾ ಯಾರನ್ನೂ ಕೇಳಕ್ಕಿಲ್ಲ?" ಎಂದಷ್ಟೇ ಹೇಳಿ ದಾರ ಬಿಚ್ಚುತ್ತ ಕೂತರು. ಹೊಸಬರೇ, ನೀರಿನ ಮೇಲೆ ಏನೇ ತೇಲುತ್ತಿರಲಿ, ಅದಕ್ಕೊಬ್ಬ ಯಜಮಾನ ಇದ್ದಾನೆ ಎಂದುಕೊಳ್ಳಿ. ಮುಟ್ಟುವ ಮೊದಲು ಕೇಳಿ. ಬಂದವರಿಗೂ ಹಾಗೆಯೇ ಹೇಳಿ.

ಮೋಟಾರು ದೋಣಿ ಬಂದ ಮೇಲೆ ಬೈಗುಳಕ್ಕೆ ಬರವಿರಲಿಲ್ಲ. ಹುಟ್ಟಿನ ದೋಣಿ ಹೋದ ದಾರಿಯಲ್ಲಿ ನೀರು ಒಂದು ಗಳಿಗೆಗೆ ಸುಮ್ಮನಾಗುತ್ತದೆ. ಮೋಟಾರಿನದು ಹಾಗಲ್ಲ. ನೀವು ಹೋಗಿ ಎಷ್ಟೋ ಹೊತ್ತಾದ ಮೇಲೆ ನಿಮ್ಮ ಅಲೆ ಹೋಗಿ ಯಾರಿಗೋ ಬಡಿಯುತ್ತದೆ. ನಾನು ಮೊದಲ ವಾರ ಅದನ್ನು ನಡೆಸಿದಾಗ ಹಿಂದೆ ತಿರುಗಿ ನೋಡಿರಲಿಲ್ಲ. ಸಂಜೆ ಮೆಟ್ಟಿಲ ಹತ್ತಿರ ಹೋದರೆ ನಮ್ಮೂರಿನ ಹೆಂಗಸೊಬ್ಬಳು ಸೊಂಟಕ್ಕೆ ಸೆರಗು ಸಿಕ್ಕಿಸಿಕೊಂಡು ಕಾಯುತ್ತಿದ್ದಳು. "ಒಗ್ದು ಇಟ್ಟಿದ್ ಬಟ್ಟೆನೆಲ್ಲ ನೀರ್ ಎಳ್ಕೊಂಡ್ ಹೋಯ್ತು. ನಿಮ್ಮನೆ ಹೆಂಗಸ್ರು ಬಟ್ಟೆ ಒಗಿಯಾಕಿಲ್ವೇನ್ಲಾ?" ಎಂದಳು. ಅವಳು ನನ್ನ ಅತ್ತಿಗೆಯೇ. ಆ ಬಟ್ಟೆಯಲ್ಲಿ ನನ್ನ ಅಂಗಿಯೂ ಇತ್ತು. ಅಂದಿನಿಂದ ಮೆಟ್ಟಿಲು ಕಂಡರೆ ಎಂಜಿನ್ನಿನ ವೇಗ ಇಳಿಸುವುದನ್ನು ಕಲಿತೆ.

ಇಷ್ಟೆಲ್ಲ ನೋಡಿದ ಮೇಲೆ ನಾನೇ ಮ್ಯಾನೇಜರಿಗೆ ಹೇಳಿ ದಡದಲ್ಲಿ ಒಂದು ಹಲಗೆ ಬರೆಸಿದೆ. ಜಲವಿಹಾರಕ್ಕೆ ಬಂದವರು ನಡೆದುಕೊಳ್ಳಬೇಕಾದ ರೀತಿ. ಅದರ ಮೊದಲನೇ ಸಾಲು: ದೋಣಿಯಲ್ಲಿ ಎದ್ದು ನಿಲ್ಲಬಾರದು. ಪ್ರತಿ ಸಲ ದೋಣಿ ಬಿಡುವ ಮೊದಲು ಅದನ್ನು ಗಟ್ಟಿಯಾಗಿ ಹೇಳುತ್ತಿದ್ದೆ. ಜನ ಬೇಸರಪಟ್ಟುಕೊಂಡರೂ ಬಿಡುತ್ತಿರಲಿಲ್ಲ. ನನಗೆ ಅದರಲ್ಲಿ ಒಂದಿಷ್ಟು ಜಂಬವೂ ಇತ್ತು, ಮುಚ್ಚಿಡುವುದೇಕೆ.

ಈಗ ಶಿವರಾಜುವಿನ ವಿಷಯ.

ಬಿಡದಿಯ ಒಂದು ಫ್ಯಾಕ್ಟರಿಯವರು ನೌಕರರನ್ನು ಮನೆಮಂದಿಯ ಸಮೇತ ಪ್ರವಾಸ ಕರೆತಂದಿದ್ದರು. ಬೆಳಗ್ಗೆಯಿಂದ ಐದಾರು ಸುತ್ತು ಹಾಕಿದ್ದೆ. ಊಟದ ಹೊತ್ತಿಗೆ ಮುಂಚಿನ ಸುತ್ತಿನಲ್ಲಿ ನನ್ನ ದೋಣಿಗೆ ಏಳು ಜನ ನೌಕರರು ಹತ್ತಿದರು, ಜೊತೆಗೆ ಒಬ್ಬ ಹೆಂಗಸು. ಹೆಸರು ತಾಯಮ್ಮ, ಅರವತ್ತರ ಹತ್ತಿರದ ವಯಸ್ಸು. ಆ ಏಳು ಜನರಲ್ಲಿ ಒಬ್ಬನಾದ ಶಿವರಾಜುವಿನ ತಾಯಿ. ದೋಣಿ ಹತ್ತುವ ಮೊದಲು ಅವರು ಚಪ್ಪಲಿ ಬಿಟ್ಟು, ನೀರು ಮುಟ್ಟಿ ಕಣ್ಣಿಗೆ ಒತ್ತಿಕೊಂಡರು. ನಾನೇ ಅವರಿಗೆ ಜಾಕೆಟ್ ಹಾಕಿ ಮೂರು ಪಟ್ಟಿಯನ್ನೂ ಬಿಗಿದೆ.

"ಉಸ್ರು ಕಟ್ತದೆ ಕಣಪ್ಪ, ಒಸಿ ಸಡ್ಲ ಬುಡು" ಎಂದರು.

"ಆಗಕ್ಕಿಲ್ಲ ಕಣವ್ವ" ಎಂದೆ.

ಹುಟ್ಟು ಹಾಕುವವನು ದೋಣಿ ಹೋಗುವ ದಿಕ್ಕಿಗೆ ಬೆನ್ನು ಹಾಕಿ ಕೂರುತ್ತಾನೆ, ಹಿಂಭಾಗದಲ್ಲಿ ಕೂತವರು ಅವನಿಗೆ ಎದುರಾಗಿರುತ್ತಾರೆ. ಇದನ್ನು ಸ್ವಲ್ಪ ಗಮನದಲ್ಲಿಡಿ. ತಾಯಮ್ಮ ಹಿಂದಿನ ಹಲಗೆಯಲ್ಲಿ, ನನ್ನ ಎದುರಿಗೆ. ಶಿವರಾಜು ನನ್ನ ಬೆನ್ನ ಹಿಂದೆ, ದೋಣಿಯ ಮೂತಿಯಲ್ಲಿ.

ಹೋಗುತ್ತ ತಾಯಮ್ಮ ಮಾತಾಡುತ್ತಲೇ ಇದ್ದರು. ಅವರ ಎರಡು ಎಕರೆ ಹೊಲ ಕೈಗಾರಿಕಾ ಪ್ರದೇಶಕ್ಕೆ ಹೋಗಿತ್ತು. ಮಗನಿಗೆ ಅಲ್ಲಿಯೇ ಕೆಲಸ ಸಿಕ್ಕಿತ್ತು. ಇನ್ನೂ ಖಾಯಂ ಆಗಿರಲಿಲ್ಲ. "ಇನ್ ಮೂರ್ ವಾರಕ್ಕೆ ಪರ್ಮೆಂಟ್ ಆಯ್ತದಂತೆ. ಅದೊಂದ್ ಆಗೋಗ್ಲಿ. ಹೊಲ ಅಂತೂ ಇಲ್ಲ, ಇನ್ನು ಅವನ ಕೆಲ್ಸವೇ ನಮ್ ಹೊಲ" ಎಂದರು. ಬೆನ್ನ ಹಿಂದಿನಿಂದ ಶಿವರಾಜು, "ಸಾಕು ಸುಮ್ಕಿರವ್ವ, ಅವ್ರಿಗ್ಯಾಕೆ ಅದೆಲ್ಲ" ಎಂದು ನಾಚಿಕೊಂಡ.

ದಡದಿಂದ ಇನ್ನೂರು ಅಡಿಯಷ್ಟು ದೂರ ಹೋಗಿದ್ದೆವು. ಮೋಟಾರಿನ ಸದ್ದು ಹತ್ತಿರವಾಯಿತು. ನಮ್ಮ ಮ್ಯಾನೇಜರೇ ದೋಣಿ ನಡೆಸುತ್ತಿದ್ದರು. ಪಕ್ಕದಲ್ಲಿ ಆ ಫ್ಯಾಕ್ಟರಿಯ ದೊಡ್ಡ ಸಾಹೇಬರು. ತಮ್ಮ ನೌಕರರನ್ನು ಮಾತಾಡಿಸಲೆಂದು ಬರುತ್ತಿದ್ದರಂತೆ, ಪಾಪ, ಒಳ್ಳೆಯ ಮನಸ್ಸಿನಿಂದಲೇ. ಮ್ಯಾನೇಜರ್ ವೇಗ ಇಳಿಸಲಿಲ್ಲ. ಹತ್ತು ಮಾರು ದೂರದಲ್ಲಿ ದೋಣಿಯನ್ನು ಕತ್ತರಿಸಿದಂತೆ ತಿರುಗಿಸಿ, "ಬೋರಣ್ಣ, ಸಾಹೇಬ್ರು!" ಎಂದು ಕೂಗಿದರು.

ಮುಂದಿನದು ಎರಡು ಉಸಿರಿನಷ್ಟು ಹೊತ್ತು. ಏಳು ಜನವೂ ಎದ್ದು ನಿಂತರು. ಕೈ ಮುಗಿದುಕೊಂಡು, ಸಾಹೇಬರು ಇದ್ದ ಬಲಗಡೆಗೆ ತಿರುಗಿ. ಯಜಮಾನರು ಬಂದರೆ ಕೂತಿರುವುದು ಹೇಗೆ? ಫ್ಯಾಕ್ಟರಿಯಲ್ಲಿ ಅವರು ಸುತ್ತು ಬಂದರೆ ಎಲ್ಲರೂ ನಿಲ್ಲುತ್ತಾರೆ, ಮನೆಗೆ ಹಿರಿಯರು ಬಂದರೆ ನಿಲ್ಲುತ್ತಾರೆ, ಕಾಲಿಗೆ ಅದೇ ಅಭ್ಯಾಸ. ದೋಣಿ ಬಲಕ್ಕೆ ವಾಲಿತು. ಅಷ್ಟರಲ್ಲಿ ಮೋಟಾರಿನ ಅಲೆ ದೋಣಿಯ ಅಡಿಯಲ್ಲಿ ಹಾದು ಎಡಗಡೆಯನ್ನು ಎತ್ತಿತು. ಅಷ್ಟು ಜನ, ಕೈಮುಗಿದದ್ದು ಮುಗಿದ ಹಾಗೆಯೇ, ನೀರಿಗೆ ಬಿದ್ದರು. ಅಂಥ ದೃಶ್ಯವನ್ನು ನಾನು ಅದಕ್ಕೆ ಮೊದಲು ನೋಡಿರಲಿಲ್ಲ, ಆಮೇಲೂ ನೋಡಿಲ್ಲ.

ನಾನು ನೀರಿನಿಂದ ತಲೆ ಎತ್ತಿ ಎಣಿಸಿದೆ. ಏಳು ಕೆಂಪು ಜಾಕೆಟ್. ಎಂಟನೆಯದು ಇಲ್ಲ. ದೋಣಿ ಬೋರಲಾಗಿ ತೇಲುತ್ತಿತ್ತು. ಶಿವರಾಜು "ಅವ್ವಾ, ಅವ್ವಾ" ಎಂದು ಕಿರುಚುತ್ತಿದ್ದ. ಅವನಿಗೆ ಈಜು ಬರುತ್ತಿರಲಿಲ್ಲ, ಜಾಕೆಟ್ ಅವನನ್ನು ತೇಲಿಸಿಟ್ಟಿತ್ತು ಅಷ್ಟೆ.

ನನಗೆ ತಟ್ಟನೆ ಹೊಳೆಯಿತು. ಕೂತಲ್ಲೇ ಕೂತಿದ್ದವರು ಅವರೊಬ್ಬರು. ದೋಣಿ ಅವರ ಮೇಲೆಯೇ ಮಗುಚಿತ್ತು. ನಾನೇ ಬಿಗಿದಿದ್ದ ಜಾಕೆಟ್ ಅವರನ್ನು ಒಳಗಿನಿಂದ ದೋಣಿಗೆ ಒತ್ತಿ ಹಿಡಿದಿತ್ತು. ಇಪ್ಪತ್ತು ವರ್ಷದಲ್ಲಿ ಅಷ್ಟು ಹೆದರಿದ್ದು ನನಗೆ ನೆನಪಿಲ್ಲ. ಮುಳುಗಿ ದೋಣಿಯ ಅಡಿಗೆ ನುಗ್ಗಿದೆ. ಮೇಲೆದ್ದಾಗ ತಲೆ ಗಾಳಿಗೆ ಬಂತು. ದೋಣಿಯ ಒಳಗೆ ಗೇಣುದ್ದ ಗಾಳಿ ನಿಂತಿತ್ತು. ಕತ್ತಲು. ಕೂರುವ ಹಲಗೆಯನ್ನು ಎರಡು ಕೈಯಲ್ಲೂ ಹಿಡಿದುಕೊಂಡು ಯಾರೋ ಉಬ್ಬಸ ಪಡುತ್ತಿದ್ದರು.

"ಯಾರು?" ಎಂದಿತು ದನಿ.

"ನಾನು ಕಣವ್ವ, ದೋಣಿಯವ್ನು."

"ನಮ್ ಸಿವರಾಜ ಎಲ್ಲವ್ನೆ?"

"ಮ್ಯಾಲವ್ನೆ. ಚೆನ್ನಾಗವ್ನೆ. ಪಟ್ಟಿ ಬಿಚ್ತೀನಿ, ಉಸ್ರು ಹಿಡ್ಕೊ. ನನ್ ಕತ್ತು ಬುಡಬೇಡ."

ಬಿಗಿದ ಮೂರು ಪಟ್ಟಿಯನ್ನು ಬಿಚ್ಚಲು ನನ್ನ ಬೆರಳಿಗೆ ಎಷ್ಟು ಹೊತ್ತು ಹಿಡಿಯಿತೋ ಗೊತ್ತಿಲ್ಲ. ಬಿಚ್ಚಿ, ಅವರನ್ನು ಅವಚಿಕೊಂಡು ಕೆಳಗೆ ಮುಳುಗಿ, ಆಚೆ ಬಂದೆ. ಮುದ್ದಯ್ಯ ತಮ್ಮ ತೆಪ್ಪವನ್ನು ತಂದು ಅಲ್ಲೇ ನಿಲ್ಲಿಸಿದ್ದರು. ಅವರು ಬಗ್ಗಿ ತಾಯಮ್ಮನನ್ನು ಎತ್ತಿಕೊಂಡರು.

ದಡದಲ್ಲಿ ನಡೆದದ್ದನ್ನು ನೋಡಿ ನನಗೆ ಮತ್ತೆ ದಿಗಿಲಾಯಿತು. ಮ್ಯಾನೇಜರ್ ಸಾಹೇಬರ ಸುತ್ತ ಓಡಾಡುತ್ತ, "ಸಾರ್, ನೀರು ಹಾರ್ತಾ ಸಾರ್? ಟವಲ್ ಕೊಡಿ ಯಾರಾದ್ರೂ" ಎನ್ನುತ್ತಿದ್ದರು. ಸಾಹೇಬರ ಮೇಲೆ ಬಿದ್ದದ್ದು ನಾಲ್ಕು ಹನಿ. ಇತ್ತ ತಾಯಮ್ಮ ಮರಳಿನ ಮೇಲೆ ಕೂತು ನೀರು ಕಕ್ಕುತ್ತಿದ್ದರು. ಮೈಯಲ್ಲಿ ನೀರು ಸುರಿಯುತ್ತಿದ್ದ ನೌಕರರು ಸಾಹೇಬರ ಹತ್ತಿರ ಹೋಗಿ ಒಬ್ಬೊಬ್ಬರಾಗಿ "ತಪ್ಪಾಯ್ತು ಸಾರ್" ಎಂದು ಕೈಮುಗಿದರು.

ಮಾರನೆಯ ದಿನ ಫ್ಯಾಕ್ಟರಿಯಿಂದ ವರದಿ ಕೇಳಿದರು. ಮ್ಯಾನೇಜರ್ ನನ್ನನ್ನು ಒಳಗೆ ಕರೆದು ಬಾಗಿಲು ಹಾಕಿದರು. ಕಾಗದ ಆಗಲೇ ಸಿದ್ಧವಾಗಿತ್ತು. ಪ್ರಯಾಣಿಕ ಶಿವರಾಜು ಎಂಬುವವರು ಸೂಚನೆ ಮೀರಿ ಮೊದಲು ಎದ್ದು ನಿಂತದ್ದರಿಂದ ದೋಣಿ ಸಮತೋಲ ತಪ್ಪಿತು, ಇದನ್ನು ದೋಣಿ ಚಾಲಕ ಬೋರಯ್ಯ ಕಂಡಿದ್ದಾರೆ, ಎಂದಿತ್ತು. ಮೋಟಾರು ದೋಣಿಯ ಸುದ್ದಿಯೇ ಇರಲಿಲ್ಲ.

"ಅವನ ಹೆಸ್ರೇ ಯಾಕೆ ಸಾರ್?" ಎಂದೆ.

"ಮೂತಿಯಲ್ಲಿ ಕೂತಿದ್ದೋನು ಅವನೇ ಅಲ್ವಾ? ಯಾರಾದ್ರೂ ಒಬ್ಬರ ಹೆಸರು ಬೇಕು ಬೋರಣ್ಣ. ಇಲ್ಲ ಅಂದ್ರೆ ನಿನ್ನದು ಬರ್ತದೆ, ನನ್ನದು ಬರ್ತದೆ. ನೀನು ಹಲಗೆ ಬರೆಸಿದ್ದೀಯ, ಬಾಯಲ್ಲೂ ಹೇಳಿದ್ದೀಯ. ಇನ್ನೇನು ಮಾಡೋಕಾಗ್ತದೆ?"

ನಾನು ಸಹಿ ಹಾಕಿದೆ. ಓದುವವರು ನನ್ನನ್ನು ಏನೆಂದು ಬೇಕಾದರೂ ಅಂದುಕೊಳ್ಳಿ. ಎಲ್ಲರೂ ಎದ್ದಿದ್ದರು, ಅವನೂ ಎದ್ದಿದ್ದ, ನಾನು ಬೇಡವೆಂದು ಹೇಳಿದ್ದೆ. ಇದರಲ್ಲಿ ಸುಳ್ಳೇನಿದೆ ಎಂದು ನನಗೆ ನಾನೇ ಸಮಾಧಾನ ಹೇಳಿಕೊಂಡೆ.

ನಾಲ್ಕೈದು ದಿನ ಕಳೆದಿರಬೇಕು. ಬೆಳಗ್ಗೆ ದೋಣಿಯಲ್ಲಿ ನಿಂತ ನೀರನ್ನು ಡಬ್ಬಿಯಲ್ಲಿ ಎತ್ತಿ ಹೊರಗೆ ಚೆಲ್ಲುತ್ತಿದ್ದೆ. ತಾಯಮ್ಮ ಬಸ್ಸಿಳಿದು ನಡೆದುಕೊಂಡು ಬಂದರು. ಮುಖ ಬಾಡಿತ್ತು. ಶಿವರಾಜುವನ್ನು ಕೆಲಸಕ್ಕೆ ಬರಬೇಡ ಎಂದು ನಿಲ್ಲಿಸಿದ್ದರು. ಶುಕ್ರವಾರ ವಿಚಾರಣೆ. ಶಿಸ್ತು ಇಲ್ಲದವನನ್ನು ಖಾಯಂ ಮಾಡಲಾಗದು ಎಂದು ಮೊದಲೇ ಹೇಳಿಬಿಟ್ಟಿದ್ದರಂತೆ.

ಅವರು ನನ್ನನ್ನು ಬೈಯಲಿಲ್ಲ. ದಡದ ಕಲ್ಲಿನ ಮೇಲೆ ಕೂತು ಒಂದೇ ಮಾತು ಕೇಳಿದರು.

"ಅವನು ನಿನ್ ಬೆನ್ನ ಹಿಂದ್ ಇದ್ದ. ನೀನು ನನ್ ಕಡೀಕ್ ಮಕ ಹಾಕ್ಕೊಂಡಿದ್ದೆ. ಅವನು ಮೊದ್ಲು ಎದ್ದಿದ್ನ ನೀನ್ ಹೆಂಗಪ್ಪ ಕಂಡೆ?"

ನನ್ನ ಕೈಯಲ್ಲಿದ್ದ ಡಬ್ಬಿ ಕೆಳಗೆ ಬಿತ್ತು.

"ನಾನ್ ಒಬ್ಳೇ ಕುಂತಿದ್ದೆ. ಅವರೆಲ್ಲ ಸಾಹೇಬ್ರ ನೋಡ್ತಿದ್ರು, ನಾನು ನಿನ್ನ ನೋಡ್ತಿದ್ದೆ. ನಿಮ್ ಮ್ಯಾನೇಜ್ರು ಕೂಗಿದ ತಕ್ಷಣ ಹುಟ್ಟು ಬುಟ್ಟು ಮೊದ್ಲು ಎದ್ದೋನು ನೀನು. ದೋಣಿಯವ್ನೇ ಎದ್ದ ಅಂತ ಅವರೂ ಎದ್ರು."

ಅಯ್ಯೋ ದೇವರೇ ಎನ್ನಿಸಿತು. ನಿಜ ಹೇಳುತ್ತೇನೆ, ಆ ಗಳಿಗೆಯ ತನಕ ನನಗೆ ಅದು ನೆನಪೇ ಇರಲಿಲ್ಲ. ಈಗ ಒಂದೊಂದಾಗಿ ಬಂತು. ಕೈಯಿಂದ ಹುಟ್ಟು ಜಾರಿದ್ದು, ಮೊಣಕಾಲು ನೆಟ್ಟಗಾದದ್ದು, ಎದೆಯ ಹತ್ತಿರ ಎರಡು ಕೈ ಸೇರಿದ್ದು. ಅದಕ್ಕೇ ತಾನೇ ನಾನೂ ನೀರಿಗೆ ಬಿದ್ದದ್ದು! ಊರಿಗೆಲ್ಲ ಕೂತಿರಿ ಕೂತಿರಿ ಎಂದು ಹೇಳಿದ ನಾನು, ನನ್ನ ಮ್ಯಾನೇಜರ್ ಕೂಗಿದ ಕೂಡಲೇ ಎಲ್ಲರಿಗಿಂತ ಮೊದಲು ಎದ್ದಿದ್ದೆ. ಎದ್ದದ್ದು ನನಗೇ ಗೊತ್ತಾಗಿರಲಿಲ್ಲ. ನನ್ನ ಮೇಲೆ ನನಗೆ ಹುಟ್ಟಿದ ಅಸಹ್ಯವನ್ನು ಹೇಗೆ ಬರೆಯಲಿ?

"ಸಿವರಾಜಂಗೆ ಗೊತ್ತಾ?" ಎಂದು ಕೇಳಿದೆ.

"ಗೊತ್ತಿಲ್ದೆ ಏನು? ನಿನ್ ಹಿಂದೇನೇ ಇದ್ನಲ್ಲ. ಹೇಳ್ಲಾ ಅಂದ್ರೆ ಹೇಳಾಕಿಲ್ಲ ಅಂತಾನೆ. ನಮ್ಮವ್ವನ್ನ ದೋಣಿ ಅಡಿಯಿಂದ ತೆಗೆದ ಕೈ ಅದು, ಅದರ ಮ್ಯಾಲೆ ದೂರು ಹೇಳಾದಾ ಅಂತಾನೆ." ತಾಯಮ್ಮ ಸೆರಗಿನಿಂದ ಮೂಗು ಒರೆಸಿಕೊಂಡರು. "ನಂಗೂ ಹೇಳಕ್ಕೆ ಮನಸಿಲ್ಲ ಕಣಪ್ಪ. ಜೀವ ಉಳಿಸಿದ್ದೀಯ. ಆದ್ರೆ ನನ್ ಮಗನ ಕೆಲ್ಸ ಹೋಯ್ತದಲ್ಲ, ನಾನೇನ್ ಮಾಡ್ಲಿ?"

ಅಷ್ಟು ಹೇಳಿ ಎದ್ದು ಹೋದರು. ನಾನು ಅವರ ಹಿಂದೆ ಓಡಿ ಏನಾದರೂ ಹೇಳಬೇಕಿತ್ತು. ಡಬ್ಬಿ ಎತ್ತಿಕೊಂಡು ಮತ್ತೆ ನೀರು ಚೆಲ್ಲತೊಡಗಿದೆ.

ಆ ಮಧ್ಯಾಹ್ನವೇ ಎಲ್ಲವನ್ನೂ ನನ್ನ ಕೈಯಾರೆ ಬರೆದೆ. ನಾನು ಮೊದಲು ಎದ್ದೆ. ಮೋಟಾರು ದೋಣಿ ವೇಗ ಇಳಿಸಲಿಲ್ಲ. ಶಿವರಾಜು ನನ್ನ ಬೆನ್ನ ಹಿಂದೆ ಇದ್ದ, ಅವನು ಎದ್ದದ್ದನ್ನು ನಾನು ನೋಡಿಲ್ಲ, ನೋಡಿದೆ ಎಂದು ಸಹಿ ಹಾಕಿದ್ದು ಸುಳ್ಳು. ಮುದ್ದಯ್ಯನವರಿಗೆ ಓದಿ ಹೇಳಿದೆ. ಅವರು ಕೇಳಿ, "ಶುಕ್ರವಾರ ನಿನ್ ದೋಣಿ ನಾನ್ ನಡೆಸ್ತೀನಿ, ನೀನ್ ಹೋಗ್ಬಾ" ಎಂದರು.

ಶುಕ್ರವಾರ ಫ್ಯಾಕ್ಟರಿಯ ಆಫೀಸಿನೊಳಗೆ ನಡೆದದ್ದನ್ನು ಉದ್ದ ಮಾಡುವುದಿಲ್ಲ. ಸಾಹೇಬರು ನನ್ನ ಕಾಗದ ಓದಿ ಕನ್ನಡಕ ತೆಗೆದರು. "ದೋಣಿ ನಡೆಸೋರು ನೀವು. ನೀವೇ ಯಾಕೆ ಎದ್ರಿ?" ಎಂದು ಕೇಳಿದರು. "ನೀವು ಬಂದ್ರಲ್ಲ ಸಾರ್" ಎಂದೆ. ಅವರ ಮುಖದಲ್ಲಿ ಕೋಪ ಇರಲಿಲ್ಲ, ಯಾರೋ ಹೊಡೆದ ಹಾಗಿತ್ತು. ಶಿವರಾಜುವಿನ ಕೆಲಸ ಉಳಿಯಿತು, ಹೇಳಿದ ದಿನಕ್ಕೇ ಖಾಯಂ ಆಯಿತು. ನನ್ನನ್ನು ದೋಣಿಯಿಂದ ಇಳಿಸಿ ಎರಡು ವರ್ಷ ತುಳಿಯುವ ದೋಣಿಗಳನ್ನು ಒರೆಸಲು ಹಾಕಿದರು. ಮ್ಯಾನೇಜರ್ ವರ್ಗವಾಗಿ ಹೋಗುವ ತನಕ ನನ್ನೊಂದಿಗೆ ಮಾತಾಡಲಿಲ್ಲ. ಅದು ಸರಿಯಾದ ಶಿಕ್ಷೆಯೇ, ನನಗೆ ದೂರಿಲ್ಲ.

ಆದರೆ ಒಳಗೆ ಹೋಗುವ ಮೊದಲು ಹೊರಗೆ ಒಂದು ಸಂಗತಿ ನಡೆಯಿತು. ಅದನ್ನು ಇಂದಿಗೂ ಅರಗಿಸಿಕೊಳ್ಳಲು ಆಗಿಲ್ಲ. ಆಫೀಸಿನ ಪಡಸಾಲೆಯಲ್ಲಿ ಒಬ್ಬರೇ ಕೂರುವಷ್ಟು ಸಣ್ಣ ಬೆಂಚು. ಅದರ ಮೇಲೆ ಶಿವರಾಜು ಇಸ್ತ್ರಿ ಮಾಡಿದ ಅಂಗಿ ಹಾಕಿಕೊಂಡು, ತೊಡೆಯ ಮೇಲೆ ಕೈ ಇಟ್ಟುಕೊಂಡು ಕೂತಿದ್ದ. ನಾನು ಯಾಕೆ ಬಂದಿದ್ದೇನೆಂದು ಅವನಿಗೆ ಗೊತ್ತಿರಲಿಲ್ಲ. ಅವನ ಮಟ್ಟಿಗೆ ನಾನು ಅವನ ವಿರುದ್ಧ ಸುಳ್ಳು ಸಹಿ ಹಾಕಿದವನು, ಇವತ್ತು ಅದನ್ನೇ ಬಾಯಲ್ಲೂ ಹೇಳಲು ಬಂದವನು. ಬಿಸಿಲಲ್ಲಿ ನಡೆದು ಬಂದಿದ್ದೆ, ಮೈಯೆಲ್ಲ ಬೆವರು. ಮುಖ ತಿರುಗಿಸುತ್ತಾನೆ, ಇಲ್ಲವೇ ಕಾಲರ್ ಹಿಡಿಯುತ್ತಾನೆ ಎಂದುಕೊಂಡು ಬಾಗಿಲಲ್ಲೇ ನಿಂತೆ.

ನನ್ನನ್ನು ಕಂಡ ಕೂಡಲೇ ಅವನು ಎದ್ದು ನಿಂತ. "ಬನ್ನಿ ಅಣ್ಣ, ಕುಂತ್ಕಳಿ" ಎಂದು ಕೈಯಿಂದ ಬೆಂಚು ಒರೆಸಿದ.

ನಾನು ಕೂತೆ. ಒಳಗಿನಿಂದ ಹೆಸರು ಕರೆಯುವ ತನಕ ಅವನು ಗೋಡೆಗೆ ಒರಗದೆ ನನ್ನ ಪಕ್ಕದಲ್ಲಿ ನಿಂತೇ ಇದ್ದ. ನನಗೆ ತಲೆ ಎತ್ತಿ ಅವನ ಮುಖ ನೋಡಲು ಆಗಲಿಲ್ಲ.